ಕೆರೆಯ ತಣ್ಣೀರು

ಪಾಪಕ್ಕ ಚೊಂಬಿನ ನೀರನ್ನು ಒಲೆಗೆ ಸುರಿದಳು. ಬೆಂಕಿ ಚುಂಯ್‌ಗುಟ್ಟಿ ಆರಿತು. ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸೌದೆ ಒಟ್ಟುತ್ತಿದ್ದ ಅವಳ ಭಾವ ಕದಿರಪ್ಪ ಹೊಗೆಗೆ ಕೆಮ್ಮುತ್ತ ಎದ್ದು ನಿಂತ.

"ತಲೆ ಗಿಲೆ ಕೆಟ್ಟೈತಾ ನಿಂಗೆ? ಎಣಕ್ಕೆ ನೀರು ಕಾಯಿಸ್ತಾ ಇವ್ನಿ!"

"ಬಿಸಿನೀರು ಬ್ಯಾಡ ಭಾವ. ಅವ್ರಿಗೆ ಕೆರೆ ನೀರು ಉಯ್ಯಬೇಕು. ತಣ್ಣಗೆ ಎಂಗೈತೋ ಅಂಗೇ."

1987ರ ಜನವರಿ 11, ಭಾನುವಾರ. ಕ್ಯಾಸಂಬಳ್ಳಿಗೆ ಎರಡು ಮೈಲಿ ದೂರದ ಆ ಹಳ್ಳಿಯಲ್ಲಿ ಎಂಟು ಗಂಟೆಯಾದರೂ ಮಂಜು ಕರಗಿರಲಿಲ್ಲ. ಪಾಪಕ್ಕನ ಗಂಡ ಬಚ್ಚಪ್ಪ ಬೆಳಗಿನ ಜಾವ ತೀರಿಕೊಂಡಿದ್ದ. ಐವತ್ತಾರು ವರ್ಷ, ಅದರಲ್ಲಿ ಇಪ್ಪತ್ತಾರು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಒಳಗೆ. ಹೆಣವನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು.

ಬಚ್ಚಪ್ಪನ ತಂಗಿ ಚಿಕ್ಕವೆಂಕಟಮ್ಮ ಅಳು ನಿಲ್ಲಿಸಿ ಈ ಕಡೆ ತಿರುಗಿದಳು.

"ಎರಡು ಚಳಿಗಾಲ ಅಣ್ಣನ್ನ ಕೆರೆ ಕಡೆ ತಲೆ ಆಕೋಕೂ ಬಿಡಲಿಲ್ಲ ಈ ಯಮ್ಮ. ಈಗ ಕೆರೆ ನೀರು ಬೇಕಂತೆ."

ಪಾಪಕ್ಕ ಬರಿದಾದ ಚೊಂಬನ್ನು ಕೆಳಗಿಟ್ಟಳು. ಆಡಿದ ಮಾತು ನಿಜವಾಗಿತ್ತು.

*

ಚಳಿ ಬಿತ್ತೆಂದರೆ ಭಾನುವಾರ ಬಚ್ಚಪ್ಪ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕೂಳಿ ಹೆಗಲಿಗೇರಿಸಿ ಕೆರೆಗೆ ಹೊರಡುತ್ತಿದ್ದ. ಕೂಳಿಯೆಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ನೀರಲ್ಲಿ ನಡೆಯುತ್ತ ಅದನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈಯಿಳಿಸಿ ಸಿಕ್ಕ ಮೀನನ್ನು ಎತ್ತಬೇಕು. ಅದೇ ಗಣಿಯ ಆರುಮುಗಂ ಸೈಕಲ್ ಮೇಲೆ ಬಂದು ಜೊತೆಯಾಗುತ್ತಿದ್ದ.

ಒಮ್ಮೆ ಪಾಪಕ್ಕ ಅವರಿಗೆ ಬುತ್ತಿ ಕೊಂಡೊಯ್ದಾಗ ಆರುಮುಗಂ ಒಬ್ಬನೇ ದೂರದಲ್ಲಿ ಕೂಳಿ ಒತ್ತುತ್ತಿದ್ದ. ಬಚ್ಚಪ್ಪ ಕುತ್ತಿಗೆಮಟ್ಟ ನೀರಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವನ ಕೂಳಿ ದಡದಲ್ಲಿ ಒಣಗಿಕೊಂಡಿತ್ತು.

"ಏನ್ ಮಾಡ್ತಾ ಇದ್ದೀರ?"

"ತಣ್ಣಗಾಗ್ತಾ ಇವ್ನಿ ಕಣೇ. ವಾರವೆಲ್ಲ ಕಾದದ್ದು ಇಳೀಬೇಕಲ್ಲ."

ಗಣಿ ಬಿಟ್ಟ ಮೇಲೆ ಚಳಿಗಾಲವೆಲ್ಲ ಇಲ್ಲೇ ಇರುತ್ತೇನೆ ಎಂದು ಅವನು ಅಂದೇ ಹೇಳಿದ್ದ. ಆದರೆ ಗಣಿ ಬಿಡುವ ಹೊತ್ತಿಗೆ ಎದೆ ಕೆಟ್ಟಿತ್ತು. ತಂಡಿ ತಾಕಬಾರದು ಎಂದರು ಡಾಕ್ಟರು. ಪಾಪಕ್ಕ ಕೂಳಿಯನ್ನು ಅಟ್ಟಕ್ಕೆ ಹಾಕಿದಳು. ಗಂಡನಿಗೆ ಮಫ್ಲರ್ ಸುತ್ತಿದಳು, ದಿನವೂ ಹೊಗೆಯಾಡುವ ನೀರಲ್ಲಿ ಮೀಯಿಸಿದಳು.

ನಿನ್ನೆ, ಶನಿವಾರ ಸಂಜೆ, ಅವನು ಕೇಳಿದ್ದ. "ಒಂದ್ಸಲ ನೀರಿನ ತಾವ ಕರ್ಕೊಂಡೋಗೇ. ಕಾಲಾದ್ರೂ ಇಳಿಬಿಟ್ಕೊಂಡು ಕೂತಿರ್ತೀನಿ."

"ಸಂಕ್ರಾಂತಿ ಕಳೀಲಿ," ಎಂದಿದ್ದಳು. "ಇನ್ನು ನಾಕು ದಿನ."

*

ಆರುಮುಗಂ ಬಂದು ಸೈಕಲ್ಲನ್ನು ಬೇಲಿಗೆ ಒರಗಿಸುತ್ತಿದ್ದಂತೆ ಕದಿರಪ್ಪ ಅವನ ತೋಳು ಹಿಡಿದ.

"ನೀನಾದ್ರೂ ಏಳಪ್ಪ ಈ ಯಮ್ಮಂಗೆ. ನಮ್ಮ ವಂಶದಾಗೆ ಬಿಸಿನೀರೇ ಉಯ್ಯೋದು. ಸೌದೆಗೂ ಗತಿಯಿಲ್ದೆ ತಣ್ಣೀರು ಉಯ್ದು ಕಳಿಸಿದ್ರು ಅಂತ ಜನ ಆಡ್ಕೊಳ್ಳಲ್ವಾ?"

ಆರುಮುಗಂ ಆರಿದ ಒಲೆ ನೋಡಿದ. ಪಾಪಕ್ಕನನ್ನು ನೋಡಿದ.

"ಯಣ್ಣಾ, ಹತ್ತು ಸಾವಿರ ಅಡಿ ಕೆಳಗೆ ಬಂಡೆ ಮುಟ್ಟಿದ್ರೆ ಕೈ ಸುಡ್ತದೆ. ಬೂಟು ಬಿಚ್ಚಿ ಬಗ್ಗಿಸಿದ್ರೆ ಬೆವರು ಸುರಿಯೋದು. ಇಪ್ಪತ್ತಾರು ವರ್ಷ. ಇನ್ನೂ ಬಿಸಿ ಬೇಕಾ ಅವನಿಗೆ?"

"ಅವ್ನು ಓಗ್ತಾ ಇದ್ದದ್ದು ಮೀನಿಗಲ್ವೇನೋ?"

"ಮೀನಾ? ಅವನಿಗೆ ಕೂಳಿ ಒತ್ತೋಕೇ ಬರ್ತಿರಲಿಲ್ಲ. ನಿಮ್ಮನೇಲಿ ಸಾರು ಮಾಡಿದ್ದೆಲ್ಲ ನಾನು ಹಿಡಿದದ್ದು."

"ಅಯ್ಯೋ ನಿನ್ನ! ನನ್ನ ತಮ್ಮ ಇಡಿದ ಕೊರಮೀನು ಅಂತ ನಾನು ಊರೆಲ್ಲ ಏಳ್ಕೊಂಡು ತಿರುಗಿದ್ನಲ್ಲೋ!"

ಹೆಂಗಸರ ನಡುವೆ ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕದಿರಪ್ಪನೂ ನಗಹೋಗಿ, ಆಗದೆ, ಜಗುಲಿಯ ಮೇಲಿದ್ದ ತಮ್ಮನ ಮುಖವನ್ನು ದಿಟ್ಟಿಸಿದ. ಆಮೇಲೆ ಹಂಡೆಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದ.

"ಬಿಂದಿಗೆ ಕೊಡಮ್ಮ. ಎಷ್ಟು ಬೇಕು?"

ಕೆರೆಯಿಂದ ಆರು ಬಿಂದಿಗೆ ಬಂದವು. ಹೆಣವನ್ನು ಅಂಗಳದ ಚಪ್ಪಡಿಯ ಮೇಲೆ ಕೂರಿಸಿದರು. ಮೊದಲು ಕದಿರಪ್ಪ ಹುಯ್ದ. ಸಿಡಿದ ಹನಿಯ ಚಳಿಗೆ ಅವನ ಹಲ್ಲು ಕಟಕಟ ಎಂದವು. ಆಮೇಲೆ ಆರುಮುಗಂ. ಚಿಕ್ಕವೆಂಕಟಮ್ಮ ತಾನೂ ಒಂದು ಬಿಂದಿಗೆ ಎತ್ತಿಕೊಂಡಳು. ಕೊನೆಯದನ್ನು ಪಾಪಕ್ಕ ಒಂದೇ ಸಲಕ್ಕೆ ಸುರಿಯಲಿಲ್ಲ. ನೆತ್ತಿಗೆ, ಹೆಗಲಿಗೆ, ಎದೆಗೆ ಸ್ವಲ್ಪ ಸ್ವಲ್ಪವೇ ಬಿಟ್ಟಳು. ಆ ಎದೆಯ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡಿದ್ದಳು.

ಬಿಂದಿಗೆ ಬರಿದಾಗುತ್ತ ಬಂದಾಗ ತಳದಿಂದ ಬೆಳ್ಳಗಿನದೇನೋ ಜಾರಿ ಚಪ್ಪಡಿಯ ಮೇಲೆ ಬಿತ್ತು. ಬೆರಳುದ್ದದ ಮೀನು. ಬಚ್ಚಪ್ಪನ ಪಾದದ ಪಕ್ಕ ಪಟಪಟ ಬಡಿದುಕೊಳ್ಳತೊಡಗಿತು. ಬೇಲಿಯ ಬಳಿ ತಮಟೆ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

"ಒತ್ತಾಯ್ತು, ಎತ್ತಿ ಎತ್ತಿ," ಎಂದರು ಚಟ್ಟದ ಬಳಿ ನಿಂತವರು.

"ತಡೀರ್ಲಾ!"

ಅವರನ್ನು ಗದರಿ ಕದಿರಪ್ಪ ಬಗ್ಗಿ ಬೊಗಸೆಯೊಡ್ಡಿದ. ಪಾಪಕ್ಕ ಬಿಂದಿಗೆಯಲ್ಲಿ ಉಳಿದ ನೀರನ್ನು ಅದಕ್ಕೆ ಹನಿಸಿದಳು, ಮೀನನ್ನು ಎತ್ತಿ ಅದರೊಳಗೆ ಬಿಟ್ಟಳು. ಅವನು ಕೆರೆಯ ಕಡೆ ನಡೆದ. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಬೇಲಿ ದಾಟಿದ ಮೇಲೆ ಅರವತ್ತು ದಾಟಿದ ಆ ಮುದುಕ ಬರಿಗಾಲಲ್ಲಿ, ಬೊಗಸೆಯನ್ನು ಎದೆಗೊತ್ತಿಕೊಂಡು, ಮಂಜಿನೊಳಗೆ ಓಡತೊಡಗಿದ.