ಎತ್ತಿ ನೋಡದ ಡಬ್ಬ

ಬಸ್ ನಿಲ್ದಾಣದ ಎದುರಿಗೆ, ಚಪ್ಪಲಿ ಅಂಗಡಿಗೂ ಕಾಂಪೌಂಡ್ ಗೋಡೆಗೂ ನಡುವೆ ಉಳಿದ ಮೂರಡಿ ಜಾಗದಲ್ಲಿ ಬೀಗದಣ್ಣನ ಅಂಗಡಿ. ಕೀಲಿ ಕಳೆದುಕೊಂಡವರು, ಕೀಲಿ ಒಳಗಿಟ್ಟು ಬಾಗಿಲೆಳೆದುಕೊಂಡವರು, ಎಲ್ಲರೂ ಓಡಿಬರುವುದು ಅವನ ಹತ್ತಿರಕ್ಕೇ. ಯಾವ ಬೀಗವೂ ಅವನ ಕೈಯಲ್ಲಿ ಹತ್ತು ನಿಮಿಷದ ಮೇಲೆ ಹಟ ಹಿಡಿದಿದ್ದಿಲ್ಲ. ಅಂಥ ಮನುಷ್ಯ ಮನೆಯಲ್ಲಿ ಹೆಂಡತಿಯೊಡನೆ ನೆಟ್ಟಗೆ ನಾಲ್ಕು ಮಾತಾಡದೆ ಏಳು ತಿಂಗಳು ಕಳೆದಿದ್ದ ಎಂದರೆ ಯಾರು ನಂಬುತ್ತಾರೆ?

ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಎಷ್ಟೋ ವಾಸಿಯಿತ್ತು, ಪಾತ್ರೆ ಎಸೆದು, ಕೂಗಾಡಿ, ಅತ್ತು ಮುಗಿಸಬಹುದಿತ್ತು. ಮಗಳು ಹೋದ ಮೇಲೆ ಇಬ್ಬರ ಮಾತೂ ತಾನಾಗಿ ಉಡುಗಿತು. "ಗ್ಯಾಸ್ ಮುಗೀತು." "ಊಟ ಮುಚ್ಚಿಟ್ಟಿದೀನಿ." "ಕೀ ತಗೊಂಡಿದೀನಿ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು.

ಹತ್ತೊಂಬತ್ತು ವರ್ಷದ ಹುಡುಗಿ. ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ. ಒಂದು ಸಂಜೆ ಅಲ್ಲಿಂದ ಬೆರಳುದ್ದದ ಕಡ್ಡಿಯೊಂದನ್ನು ತಂದು ಗ್ಲಾಸಿನ ನೀರಿಗಿಟ್ಟಳು. ರೋಸ್‌ಮೇರಿ ಅಂತೆ, ವಿದೇಶಿ ಅಡುಗೆಗೆ ಹಾಕುವ ಘಮದ ಸೊಪ್ಪು.

"ಹೆಸರು ಕೇಳಿದ್ರೆ ರಾಣಿಯಮ್ಮ, ರೂಪ ನೋಡಿದ್ರೆ ಪೊರಕೆ ಕಡ್ಡಿ," ಎಂದು ಬೀಗದಣ್ಣ ನಕ್ಕಿದ್ದ.

"ಮೊದ್ಲು ಮೂಸಿ ನೋಡಪ್ಪಾ, ಆಮೇಲೆ ಆಡ್ಕೋ," ಎಂದು ಅವಳು ಎಲೆ ಉಜ್ಜಿದ ಬೆರಳನ್ನು ಅವನ ಮೂಗಿಗೇ ಹಿಡಿದಿದ್ದಳು. ಕರ್ಪೂರದ ಹಾಗೆ, ನಿಂಬೆಯ ಹಾಗೆ, ಯಾವುದೂ ಅಲ್ಲದ ಹಾಗೆ ಘಾಟು ವಾಸನೆ. ಆಮೇಲೆ ಅವಳು ಕೆಲಸದಿಂದ ಬಂದರೆ ಮನೆಯೆಲ್ಲ ಅದೇ ವಾಸನೆ.

ಕಡ್ಡಿ ಬೇರು ಬಿಟ್ಟ ಮೇಲೆ ಬೀಗದಣ್ಣನೇ ಹಳೇ ಪೇಂಟ್ ಡಬ್ಬಕ್ಕೆ ಅಡಿಯಲ್ಲಿ ಐದು ತೂತು ಕೊರೆದುಕೊಟ್ಟ. ಮೂರನೇ ಮಹಡಿಯ ಆ ಒಂದೂವರೆ ಕೋಣೆಯ ಮನೆಗೆ ಬಿಸಿಲು ಬರುವುದು ಒಂದೇ ಕಿಟಕಿಗೆ. ಅದರ ಗ್ರಿಲ್ ಹೊರಗೆ ಉಬ್ಬಿಕೊಂಡು, ಮೂರು ಡಬ್ಬ ಇಡುವಷ್ಟು ಜಾಗವಿತ್ತು. ಮಗಳು ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ ಗಿಡ ನೆಟ್ಟು, ಅಪ್ಪ ಅಮ್ಮ ಇಬ್ಬರನ್ನೂ ನಿಲ್ಲಿಸಿಕೊಂಡು ಪಾಠ ಹೇಳಿದಳು: "ಇದಕ್ಕೆ ಬಾಯಾರಿಕೆ ಕಮ್ಮಿ. ದಿನಾ ನೀರು ಹಾಕ್ಬೇಡಿ. ಡಬ್ಬ ಎತ್ತಿ ನೋಡಿ. ಹಗುರ ಇದ್ರೆ ಹಾಕಿ, ಭಾರ ಇದ್ರೆ ಸುಮ್ನಿರಿ. ಅಷ್ಟೇ."

ಆಮೇಲೆ ಮಗಳಿಗೆ ಆ ಜ್ವರ ಬಂತು. ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ, ಬೆಳಗಿನ ಆರಕ್ಕೆ ಹಾಜರಿರಬೇಕು. ಆಸ್ಪತ್ರೇಲೇ ಕೆಲಸ ಮಾಡೋಳು, ಅವಳೇ ಕರೆದುಕೊಂಡು ಹೋಗಿ ತೋರಿಸಿರುತ್ತಾಳೆ ಎಂದು ಇವನು ಅಂಗಡಿಗೆ ಹೋದ. ಅಂಗಡಿ ಇವರದೇ, ಯಾವಾಗ ಬೇಕಾದರೂ ಮುಚ್ಚಬಹುದು, ಇವರೇ ಕರೆದುಕೊಂಡು ಹೋಗಿರುತ್ತಾರೆ ಎಂದು ಅವಳು ಕೆಲಸಕ್ಕೆ ಹೋದಳು. ಸಂಜೆ ಕೇಳಿದರೆ ಹುಡುಗಿ, "ಪರವಾಗಿಲ್ಲ, ಮಾತ್ರೆ ತಗೊಂಡಿದೀನಿ," ಎನ್ನುತ್ತಿದ್ದಳು. ಹೀಗೆ ನಾಲ್ಕು ದಿನ. ಐದನೆಯ ದಿನ ಮೆಟ್ಟಿಲ ಮೇಲೆ ಅವಳನ್ನು ಹೊತ್ತು ಇಳಿಸುವಾಗ ಬೀಗದಣ್ಣನ ಕೈಗೆ ಅವಳ ಭಾರವೇ ತಿಳಿಯಲಿಲ್ಲ. ಆರನೆಯ ದಿನ ಎಲ್ಲ ಮುಗಿಯಿತು.

ಉಳಿದದ್ದು ಆ ಗಿಡ ಒಂದೇ. ಅದೊಂದು ಉಳಿದರೆ ಸಾಕು ಎಂದು ಬೀಗದಣ್ಣ ಹಲ್ಲು ಕಚ್ಚಿಕೊಂಡಿದ್ದ. ಒಂದು ದಿನ ಗಾಳಿಗೆ ಪಕ್ಕದ ಮನೆಯವರ ಕುಂಡ ರಸ್ತೆಗೆ ಬಿದ್ದು ಚೂರಾದದ್ದನ್ನು ಕಂಡದ್ದೇ ತಡ, ಅಂಗಡಿಯಿಂದ ಸಣ್ಣ ಸರಪಳಿ ತಂದು ಡಬ್ಬವನ್ನು ಗ್ರಿಲ್‌ಗೆ ಬಿಗಿದು, ಇದ್ದುದರಲ್ಲೇ ಗಟ್ಟಿ ಬೀಗ ಜಡಿದು, ಕೀಲಿಯನ್ನು ತನ್ನ ಗೊಂಚಲಿಗೆ ಸೇರಿಸಿದ. ಇನ್ನು ಯಾವ ಗಾಳಿಯಪ್ಪ ಬಂದರೂ ಅಲುಗಾಡುವುದಿಲ್ಲ ಎಂದು ಸಮಾಧಾನಪಟ್ಟ. ಇನ್ನು ಯಾರೂ ಅದನ್ನು ಎತ್ತಿ ನೋಡುವ ಹಾಗೂ ಇಲ್ಲ ಎಂಬುದು ಆ ಪುಣ್ಯಾತ್ಮನ ತಲೆಗೆ ಹೋಗಲಿಲ್ಲ.

ದಿನಾ ಸಂಜೆ, ಹೆಂಡತಿ ಬಚ್ಚಲಿಗೆ ಹೋದಾಗ, ಅವನು ಕಿಟಕಿಯಿಂದ ಕೈಚಾಚಿ ಒಂದು ಮಗ್ ನೀರು ಹಾಕುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಮಣ್ಣು ಬಿಳಿಚಿಕೊಂಡಿರುತ್ತಿತ್ತು, ನೋಡಿದರೆ ಜೀವ ಚುರ್ ಎನ್ನುತ್ತಿತ್ತು. ಇವಳು ಒಂದು ದಿನವಾದರೂ ಅತ್ತ ತಿರುಗಿ ನೋಡಿದ್ದುಂಟೇ? ಹೆತ್ತ ಕರುಳಂತೆ!

ಎರಡು ತಿಂಗಳ ಹಿಂದೆ ಕೆಳಗಿನ ಮನೆಯ ಟೀಚರಮ್ಮ ಮೇಲೆ ಹತ್ತಿ ಬಂದಿದ್ದರು. "ನಿಮ್ಮ ಗಿಡದ ನೀರು ನನ್ನ ಒಗೆದ ಬಟ್ಟೆ ಮೇಲೆ ತೊಟ್ಟಿಕ್ಕುತ್ತಪ್ಪ. ಏನಾದ್ರೂ ಮಾಡು," ಎಂದರು. ಮನೆಯಲ್ಲಿ ಡಬ್ಬದ ಅಡಿಗೆ ಹಿಡಿಸುವಂಥದ್ದು ಒಂದೇ ಇತ್ತು, ಅವಳು ಹೋದಾಗಿನಿಂದ ಸ್ಟ್ಯಾಂಡಿನಲ್ಲಿ ಮುಟ್ಟದೆ ಬಿಟ್ಟಿದ್ದ ಮಗಳ ಊಟದ ತಟ್ಟೆ. ಬೀಗ ಬಿಚ್ಚುವ ಗೋಜಿಗೂ ಹೋಗದೆ ಡಬ್ಬವನ್ನು ಒಂದಿಷ್ಟು ಓರೆ ಮಾಡಿ ತಟ್ಟೆಯನ್ನು ಅಡಿಗೆ ತಳ್ಳಿದ. ಅದರಲ್ಲಿ ಸದಾ ನೀರು ನಿಂತಿರುತ್ತಿತ್ತು. ನಿನ್ನೆ ನಾನು ಹಾಕಿದ್ದೇ ಇರಬೇಕು, ಇರಲಿ, ಬಿಸಿಲಿಗೆ ಕುಡಿದುಕೊಳ್ಳುತ್ತೆ ಎಂದುಕೊಂಡ.

ಈ ಗಿಡದ ಗುಣ ಕೆಟ್ಟದ್ದು. ಬೇರೆ ಗಿಡವಾದರೆ ಬಾಡುತ್ತದೆ, ಹಳದಿಯಾಗುತ್ತದೆ, ಹೇಗೋ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಇದು ಬೇರು ಕೊಳೆತು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ, ಅದರ ವಾಸನೆಯೂ ಹೋಗುವುದಿಲ್ಲ. ಬೀಗದಣ್ಣ ದಿನಾ ನೋಡಿ, ಚೆನ್ನಾಗಿದೆ ಎಂದುಕೊಂಡು ಮಲಗುತ್ತಿದ್ದ.

ಭಾನುವಾರ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಬರುವಾಗ ಟೀಚರಮ್ಮ ಮೆಟ್ಟಿಲಲ್ಲಿ ಸಿಕ್ಕರು.

"ತಟ್ಟೆ ಇಟ್ಟಿದ್ದು ಒಳ್ಳೇದಾಯ್ತಪ್ಪ. ಮೊದ್ಲು ದಿನಕ್ಕೆ ಎರಡೆರಡು ಸಲ ಬೀಳ್ತಿತ್ತು ನೋಡು. ಬೆಳಿಗ್ಗೆ ಐದಕ್ಕೊಂದ್ಸಲ, ಸಂಜೆ ನೀನು ಬಂದ್ಮೇಲೆ ಒಂದ್ಸಲ."

"ಬೆಳಿಗ್ಗೆನಾ?"

"ಹ್ಞೂ, ನಿನ್ನ ಹೆಂಡ್ತಿ ಕೆಲಸಕ್ಕೆ ಹೊರಡೋ ಹೊತ್ತಿಗೆ. ನಾನು ಆಗ್ಲೇ ಎದ್ದಿರ್ತೀನಲ್ಲ."

ಉಳಿದ ಮೆಟ್ಟಿಲುಗಳನ್ನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಒಳಗೆ ಹೆಂಡತಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಅವಳನ್ನು ದಾಟಿ ನೇರ ಕಿಟಕಿಗೆ ಹೋಗಿ ಗಿಡದ ತಲೆ ಸವರಿದ. ಎಲೆಗಳು ಜರಜರನೆ ಉದುರಿದವು. ಹಸಿರು ಎಲೆಗಳೇ, ಆದರೆ ಒಣಗಿ ಗರಗರ ಎನ್ನುತ್ತಿದ್ದವು.

ಗೊಂಚಲಿನಲ್ಲಿ ಆ ಕೀಲಿ ಹುಡುಕಲು ಅವನಿಗೆ, ಬೀಗದಣ್ಣನಿಗೆ, ಮೂರು ಸಲ ಬೇಕಾಯಿತು. ಸರಪಳಿ ಬಿಚ್ಚಿ, ಎರಡೂ ಕೈಯಿಂದ ಡಬ್ಬ ಎತ್ತಿದ. ಕಲ್ಲು ತುಂಬಿದ ಹಾಗೆ ಭಾರ. ಅಡಿಯ ತೂತುಗಳಿಂದ ಕಪ್ಪು ನೀರು ಅವನ ಅಂಗಿಯ ಮೇಲೆ ಸುರಿಯಿತು, ಕೊಳೆತ ನಾತ ಕೋಣೆಯನ್ನೆಲ್ಲ ತುಂಬಿತು.

"ನೀನೂ ಹಾಕ್ತಿದ್ದೆಯೇನೇ?" ಎಂದ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ದಿನಾ. ದೀಪ ಹಾಕಿದ್ರೆ ನಿಮಗೆ ಎಚ್ಚರ ಆಗುತ್ತೆ ಅಂತ ಕತ್ತಲಲ್ಲೇ."

"ನಾನೂ ಹಾಕ್ತಿದ್ದೆ ಕಣೇ."

"ನೀವಾ? ಟೀಚರಮ್ಮ ಬೈತಾರೆ ಅಂತ ಅವಳ ತಟ್ಟೇನೇ ತಗೊಂಡುಹೋಗಿ ಅಡಿಗಿಟ್ರಿ. ಇವರಿಗೆ ಕಲ್ಲೆದೆ, ನೀರೆಲ್ಲಿ ಹಾಕ್ತಾರೆ ಅಂದುಕೊಂಡೆ." ಅವಳು ಇಸ್ತ್ರಿಯ ಪ್ಲಗ್ ಕಿತ್ತಳು. "ಆವತ್ತು ನೀವು ಕರ್ಕೊಂಡು ಹೋಗಿರ್ತೀರಿ ಅಂದುಕೊಂಡೆ. ಇದಕ್ಕೆ ನೀವು ಹಾಕಿರಲ್ಲ ಅಂದುಕೊಂಡೆ. ಒಂದ್ಸಲನಾದ್ರೂ ಬಾಯಿಬಿಟ್ಟು ನಿಮ್ಮನ್ನ ಕೇಳಿದ್ನಾ ನಾನು?"

"ನಾನು ಕೇಳಿದ್ನಾ?" ಎಂದ ಬೀಗದಣ್ಣ, ಡಬ್ಬ ಕೆಳಗಿಟ್ಟು ಅಲ್ಲೇ ಕೂತ. ಅತ್ತ. ಏಳು ತಿಂಗಳಲ್ಲಿ ಹೆಂಡತಿಯ ಮುಂದೆ ಅತ್ತದ್ದು ಅದೇ ಮೊದಲು. ಅವಳೂ ನೆಲದ ಮೇಲೆ ಕೂತು ಅತ್ತಳು.

ಸ್ವಲ್ಪ ಹೊತ್ತಾದ ಮೇಲೆ ಅವಳು ಕತ್ತರಿ ತಂದಳು. ಒಂದು ಜೀವದ ಕಡ್ಡಿ ಸಿಕ್ಕರೂ ಸಾಕು, ಮಗಳು ಮಾಡಿದ ಹಾಗೆ ಗ್ಲಾಸಿಗಿಡಬಹುದು. ಅವಳು ಒಂದೊಂದೇ ರೆಂಬೆ ಕತ್ತರಿಸಿ ಕೊಟ್ಟಳು, ಅವನು ಉಗುರಿನಿಂದ ತೊಗಟೆ ಕೆರೆದು ನೋಡಿದ. ಜೀವವಿದ್ದರೆ ಒಳಗೆ ಹಸಿರಿರಬೇಕು.

"ಇದು?"

"ಇಲ್ಲ."

"ಇದು?"

"ಇದೂ ಇಲ್ಲ."

ಹನ್ನೊಂದು ರೆಂಬೆ ಆದವು. ಎಲ್ಲದರ ಒಳಗೂ ಕಂದು. ಹನ್ನೆರಡನೆಯದಕ್ಕೆ ಅವನು ಉಗುರು ಹಾಕುವಷ್ಟರಲ್ಲಿ ಅವಳು ಕೈ ಹಿಡಿದುಕೊಂಡಳು. "ಇದನ್ನ ಕೆರೀಬೇಡಿ. ಹಾಗೇ ಇಡೋಣ."

ಗ್ಲಾಸಿಗೆ ನೀರು ತುಂಬಿ ಕಡ್ಡಿ ಇಟ್ಟರು. ಅದು ಬೇರು ಬಿಡುವ ಕಡ್ಡಿಯಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಬೀಗದಣ್ಣ ಕಣ್ಣೊರೆಸಿಕೊಂಡು ಕೇಳಿದ, "ನೀರು ಯಾರು ಬದಲಾಯಿಸೋದು? ನೀನಾ, ನಾನಾ?"

"ನಾನು," ಎಂದಳು. "ಬದಲಾಯಿಸಿ ನಿಮಗೆ ಹೇಳ್ತೀನಿ."