ಹಿತ್ತಾಳೆಯಲ್ಲಿ ಕೂಡಿಸಿದ್ದು

ಮನೆಯಿದ್ದ ಕೋಪರಿಯಿಂದ ರಬಾಳೆಯ ಕಾರ್ಖಾನೆಗೆ ದಿನಾ ಸೈಕಲ್ಲಿನಲ್ಲೇ ಹೋಗುತ್ತಿದ್ದ ದಯಾನಂದ ಬಂಗೇರ ಯಾರಿಗೂ ಗಟ್ಟಿಯಾಗಿ ಬೈದವನಲ್ಲ. ಕಾರ್ಖಾನೆಯ ಕ್ಯಾಂಟೀನ್ ನಡೆಸುವವನಿಗೆ ಸಿಟ್ಟು ಸಲ್ಲದು ಎಂದು ಅವನ ನಂಬಿಕೆ.

ಸೈಕಲ್ಲು ನಲವತ್ತು ವರ್ಷ ಹಳೆಯ ರೇಸಿನ ಗಾಡಿ. ಗುಜರಿಯಲ್ಲಿ ಬರೀ ಚೌಕಟ್ಟಾಗಿ ಸಿಕ್ಕಿದ್ದಕ್ಕೆ ಒಂದೊಂದೇ ಭಾಗ ಹುಡುಕಿ ಜೋಡಿಸಲು ಎರಡು ವರ್ಷ ಹಿಡಿದಿತ್ತು. ಅದರ ತೆಳು ಉಕ್ಕಿನ ಕೊಳವೆಗಳು ಕೂಡುವಲ್ಲೆಲ್ಲ ಲಗ್ ಎಂಬ ಉಕ್ಕಿನ ಕವಚ ತೊಡಿಸಿ, ಕೂದಲೆಳೆಯಷ್ಟು ಸಂದಿಗೆ ಹಿತ್ತಾಳೆ ಕರಗಿಸಿ ಹರಿಸಿದ್ದರು. ಲಗ್ಗಿನ ಅಂಚು ವೀಳ್ಯದೆಲೆಯ ತುದಿಯಂತೆ ಚೂಪು. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ದಯಾನಂದನ ಹೆಬ್ಬೆರಳು ಅದನ್ನು ಸವರುತ್ತಿತ್ತು.

೨೦೧೨ರ ಬೇಸಿಗೆಯಲ್ಲಿ ಹ್ಯಾಂಡಲ್ಲಿನ ಕೆಳಗಿನ ಲಗ್ಗು ಸಡಿಲಾಗಿ ಕಿರುಗುಟ್ಟತೊಡಗಿತು. ಹಿತ್ತಾಳೆ ಬೆಸುಗೆ ಬಲ್ಲವರಿಗಾಗಿ ಒಂದು ತಿಂಗಳು ಹುಡುಕಿದ. ಹೋದಲ್ಲೆಲ್ಲ ಗೇಟು, ಗ್ರಿಲ್ಲು ಬೆಸೆಯುವವರೇ. ಕೊನೆಗೆ ಕಲ್ಯಾಣದಲ್ಲಿ ಹಾಲಿನವರ ಸೈಕಲ್ಲು ರಿಪೇರಿ ಮಾಡುವ ಚಂದ್ರಬಾಯಿಯ ಸುಳಿವು ಸಿಕ್ಕಿತು. ಸಂಜೆ ಒಯ್ಯೋಣವೆಂದು ಚಕ್ರ ಕಳಚಿ, ಚೌಕಟ್ಟನ್ನು ಕ್ಯಾಂಟೀನಿನ ಗೋಡೆಗೆ ಒರಗಿಸಿ ಊಟ ಬಡಿಸಲು ಹೋದ.

ಬಂದು ನೋಡಿದರೆ ಕಾರ್ಖಾನೆಯ ವೆಲ್ಡರ್ ಮುರಾರಿ ಕನ್ನಡಕ ಹಣೆಗೇರಿಸಿ ನಗುತ್ತ ನಿಂತಿದ್ದ. "ಶೆಟ್ರಿಗೆ ಗೊತ್ತಾಗೋದ್ರೊಳಗೆ ಮಾಡಿ ಮುಗಿಸ್ಬೇಕು ಅಂತ! ಪಾಂಚ್ ಮಿನಿಟ್ ಕಾ ಕಾಮ್. ಈಗ ಆನೆ ಹತ್ತಿದ್ರೂ ಏನಾಗಲ್ಲ."

ಬಂಗೇರನನ್ನು ಅವನು ಮೊದಲಿನಿಂದಲೂ ಶೆಟ್ರೇ ಎಂದೇ ಕರೆಯುತ್ತಿದ್ದ. ಅದನ್ನೂ ಇವನು ತಿದ್ದಿರಲಿಲ್ಲ.

ವೀಳ್ಯದೆಲೆಯ ತುದಿ ಇದ್ದಲ್ಲಿ ಕಪ್ಪು ಗಂಟುಗಳು. ಸುತ್ತಲೂ ಸುಟ್ಟ ನೀಲಿ. ದಯಾನಂದ ಅದರ ಮೇಲೆ ಹೆಬ್ಬೆರಳಾಡಿಸಿದ. ಬಾಯಿಂದ ಹೊರಬಿದ್ದದ್ದು ಮಾತ್ರ, "ಥ್ಯಾಂಕ್ಸ್ ಮಾರ್ರೆ."

ಕಲ್ಯಾಣಕ್ಕೆ ಒಯ್ಯದೆ ಚಕ್ರ ಜೋಡಿಸಿ ಓಡಿಸತೊಡಗಿದ. ಒಂಬತ್ತನೆಯ ದಿನ, ದಾರಿಯಲ್ಲಿ ವಿಟಾವಾ ಎಂಬಲ್ಲಿನ ರೈಲು ಸೇತುವೆಯ ಕೆಳಗೆ, ಬೆಸುಗೆಯ ಪಕ್ಕದಲ್ಲೇ ಕೊಳವೆ ಬಿರಿಯಿತು. ಬಿದ್ದ ಏಟಿಗೆ ಮೊಣಕೈ ತರಚಿತು. ಹಿಂದಿನ ರಿಕ್ಷಾದವನು ಹಾರ್ನ್ ಹೊಡೆದ. ಅರ್ಧ ತಾಸು ಸೈಕಲ್ಲು ಹೊತ್ತು ಮನೆಗೆ ಬಂದಾಗ ಹೆಂಡತಿ ವಿನೋದಾ, "ಅವನಿಗೆ ಮುಖಕ್ಕೆ ಹೇಳ್ಲಿಕ್ಕೆ ಆಗ್ಲಿಲ್ಲ ನಿಮ್ಗೆ. ಈಗ ನನ್ನ ಹತ್ರ ಗೊಣಗಿ ಏನು ಪ್ರಯೋಜನ?" ಎಂದಳು. ಮಾತು ನಾಟಿತು. ಭಾನುವಾರ ಚೌಕಟ್ಟು ಹೊತ್ತು ಕಲ್ಯಾಣಕ್ಕೆ ಹೋದ.

ಚಂದ್ರಬಾಯಿ ಕಲಬುರಗಿ ಕಡೆಯ ಹೆಂಗಸು. ಚೌಕಟ್ಟನ್ನು ಬೆಳಕಿಗೆ ಹಿಡಿದು ಕೇಳಿದಳು: "ಯಾಂವ ಮಾಡ್ಯಾನಿದು? ಹಿತ್ತಾಳಿ ಉಕ್ಕನ್ನ ಕರಗಸಂಗಿಲ್ಲ, ಹಿಡಕೋತದ ಅಷ್ಟೇ. ಇಂವ ಕೊಳವೀನ ಸುಟ್ಟಾನ. ಲಗ್ಗೂ ಹೋತು."

"ಲಗ್ಗು ಉಳಿಸ್ಲೇಬೇಕು."

"ಇಲ್ಲದ್ದನ್ನ ಹ್ಯಾಂಗ ಉಳಸಲಿ?"

"ಉಳಿಸ್ಲಿಕ್ಕೆ ಆಗೂದಿಲ್ವಾದ್ರೆ ನೀವು ಯಾಕೆ ಅಂಗಡಿ ಇಟ್ಕೊಂಡದ್ದು?" ದಯಾನಂದ ಕಿರುಚಿದ. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಕ್ಯಾಂಟೀನಿನಲ್ಲಿ ಹದಿನೆಂಟು ವರ್ಷ ನುಂಗಿದ ಸಿಟ್ಟೆಲ್ಲ ಏನೂ ಮಾಡದ ಈ ಹೆಂಗಸಿನ ಮೇಲೆ ಬಿದ್ದಿತ್ತು.

ಚಂದ್ರಬಾಯಿ ಅರ ಎತ್ತಿ ಅವನ ಕೈಗಿಟ್ಟಳು. "ಒದರೋದು ಮುಗೀತಾ? ಆ ಗಂಟು ಉಜ್ಜು."

ಮೂರು ಭಾನುವಾರ ಉಜ್ಜಿದ. ಅವಳು ಸುಟ್ಟ ಕೊಳವೆ ತೆಗೆದು ಇನ್ನೊಂದು ಹಳೆಯ ಚೌಕಟ್ಟಿನದನ್ನು ಕೂರಿಸಿದಳು. ಲಗ್ಗಿಲ್ಲದ ಮೂಲೆಗೆ ಜ್ವಾಲೆ ತೋರಿಸಿ, ಹಿತ್ತಾಳೆಯನ್ನು ಪದರಪದರವಾಗಿ ಇಳಿಸಿ, ಬೆರಳ ಸಂದಿಯಂತೆ ನುಣ್ಣಗೆ ತುಂಬಿದಳು. ಗಟ್ಟಿಯೇನೋ ಆಯಿತು. ಆದರೆ ಮೂರು ಕಡೆ ಚೂಪು ಎಲೆ, ಒಂದು ಕಡೆ ಬೋಳು. ಹೊಗಳಲೂ ಆಗದೆ ದೂರಲೂ ಆಗದೆ ದಯಾನಂದ ಕೈಮುಗಿದ.

ಸೋಮವಾರ ಊಟದ ಹೊತ್ತಿಗೆ ಮುರಾರಿಯನ್ನು ಹೊರಗೆ ಸೈಕಲ್ಲಿನ ಬಳಿಗೆ ಕರೆದ. "ನೀವು ಮಾಡಿದ್ದು ಒಡೆದು ಬಿದ್ದೆ ನಾನು. ಕೇಳದೆ ಮುಟ್ಟಬಾರ್ದಿತ್ತು ಮಾರ್ರೆ."

ಮುರಾರಿ ಬಗ್ಗಿ ಹೊಸ ಬೆಸುಗೆಯನ್ನು ನೋಡಿದ. "ಅವತ್ತು ಥ್ಯಾಂಕ್ಸ್ ಯಾಕಂದ್ರಿ ಮತ್ತೆ?"

ಮುರಾರಿ ಊಟ ಮಾಡದೆ ಶೆಡ್ಡಿನ ಕಡೆ ನಡೆದ. ಅವನಿಗಾಗಿ ಬಡಿಸಿಟ್ಟ ತಟ್ಟೆ ಸಂಜೆಯವರೆಗೂ ಮೇಜಿನ ಮೇಲೇ ಇತ್ತು.