ದಾರಕ್ಕೆ ಹಲ್ಲು

ತಮ್ಮ ಗುಂಡಿ ಹೊಲಿಯುತ್ತಿದ್ದ. ದರ್ಜಿ ಅಣ್ಣ ತನಗೆಂದೇ ಹೊಲಿದ ಬಿಳಿ ಅಂಗಿಗೆ ಗುಂಡಿಯೇ ಹಾಕಿರಲಿಲ್ಲ. ಅದನ್ನೇ ತೊಡಿಸಿ ಕಳಿಸಬೇಕೆಂದು ಅತ್ತಿಗೆ ಹಟ ಹಿಡಿದಿದ್ದರು.

ಹೊರಗೆ ಕೂತವರು ಸತ್ತವನ ಹಲ್ಲಿನ ಮಾತೇ ಆಡುತ್ತಿದ್ದರು. ಬಟ್ಟೆಗೆ ಕತ್ತರಿ, ದಾರಕ್ಕೆ ಹಲ್ಲು ಎನ್ನುತ್ತಿದ್ದನಂತೆ. ದೇವರು ಕೊಟ್ಟ ಕತ್ತರಿಗೆ ಸಾಣೆಯ ಖರ್ಚಿಲ್ಲವಂತೆ. ಮುಂದಿನ ಹಲ್ಲು ಅಲ್ಲಾಡಿ ಉದುರಿದಾಗ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಚುಡಾಯಿಸಿದ್ದ ಇಸ್ತ್ರಿಯವನು ಈಗ ಕಣ್ಣೊರೆಸಿಕೊಂಡ.

"ಹಲ್ಲು ಹೋದ್ರೆ ಯಾರಾದ್ರೂ ಸಾಯ್ತಾರೇನ್ರಿ?" ಎಂದ ಪಕ್ಕದ ಮನೆಯವನು.

ಒಳಗಿದ್ದ ತಮ್ಮ ಸೂಜಿಗೆ ದಾರ ಪೋಣಿಸಿದ.

*

ಹಲ್ಲುಜ್ಜುವಾಗ ರಕ್ತ ಬಂದದ್ದಕ್ಕೆ ಅಣ್ಣ ಬ್ರಶ್ಶನ್ನೇ ಬಿಟ್ಟಿದ್ದ. ಗಾಯವನ್ನು ಕೆದಕಬಾರದು ಎನ್ನುವುದು ಅವನ ವೈದ್ಯ. ಬಿಳಿ ಬಟ್ಟೆಗಳನ್ನೆಲ್ಲ ತಮ್ಮನ ಮಿಷನ್ನಿಗೆ ದಾಟಿಸಿ, ಕಪ್ಪು ನೀಲಿ ಮಾತ್ರ ತಾನಿಟ್ಟುಕೊಂಡ. ಕೊನೆಗೆ ಅತ್ತಿಗೆ ಬೈದು ಎಳೆದೊಯ್ದರು. ತಮ್ಮನೂ ಜೊತೆಗೆ ಹೋದ. ಹಲ್ಲಿನ ಡಾಕ್ಟರು ಬಾಯಿ ನೋಡಿದವರೇ ಸಕ್ಕರೆ ಎಷ್ಟಿದೆ ಎಂದು ಕೇಳಿದರು.

"ಸಕ್ಕರೆ ಏರಿದ್ರೆ ವಸಡು ಕೆಡತ್ತೆ. ವಸಡು ಕೆಟ್ರೆ ಸಕ್ಕರೆ ಹಿಡಿತಕ್ಕೆ ಬರೋದು ಕಷ್ಟ. ರಕ್ತ ಬಂತು ಅಂತ ಉಜ್ಜೋದು ಬಿಡಬಾರದು, ಇಲ್ಲಿಗೆ ಬರಬೇಕು."

ಯೂನಿಫಾರ್ಮಿನ ಕೆಲಸ ಮುಗಿಯಲಿ ಎಂದ ಅಣ್ಣ. ಕೆಲಸ ಮುಗಿಯಿತು, ಅವನು ಹೋಗಲಿಲ್ಲ. ದಾರಕ್ಕೆಂದು ಅತ್ತಿಗೆ ತಂದುಕೊಟ್ಟ ಪುಟ್ಟ ಕತ್ತರಿ ಖಾನೆ ಸೇರಿತು. ಸಕ್ಕರೆ ಹಿಡಿತಕ್ಕೆ ಸಿಗಲೇ ಇಲ್ಲ. ಕೊನೆಗೆ ಕಿಡ್ನಿ ಕೈಕೊಟ್ಟಿತು.

*

ಈ ಬಿಳಿ ಅಂಗಿಗೆ ಅಣ್ಣ ಯಾಕೆ ಗುಂಡಿ ಹಾಕಲಿಲ್ಲವೆಂದು ತಮ್ಮನಿಗೆ ಈಗ ಹೊಳೆಯಿತು. ಅವನಿಗೂ ಸಕ್ಕರೆ ಕಾಯಿಲೆ. ಕೆಲವು ತಿಂಗಳಿಂದ ಅವನೂ ಬ್ರಶ್ ಮುಟ್ಟಿರಲಿಲ್ಲ. ಹೆದರಿಕೆಗೆ ಯಾರಿಗೂ ಹೇಳಿರಲಿಲ್ಲ.

ಗಂಟು ಹಾಕಿ, ಅಭ್ಯಾಸಬಲದಿಂದ ಬಗ್ಗಿ ದಾರ ಕಡಿದ. ಗುಂಡಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಮೂಡಿತು. ಹೆಬ್ಬೆರಳಿನಿಂದ ಮುಚ್ಚಿಕೊಂಡ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

"ಕೈ ತೆಗಿ," ಎಂದರು.

ತೆಗೆದ. ಅವರು ಬಗ್ಗಿ ಕಲೆ ನೋಡಿದರು.

"ನೀನೂನಾ?"

"ನಾಳೆ ಹೋಗ್ತೀನಿ ಅತ್ತಿಗೆ."

"ನಿಮ್ಮಣ್ಣನೂ ನಾಳೆ ಅಂತಾನೇ ಹೇಳ್ತಿದ್ರು."

ಅವರು ಅಣ್ಣನ ಮಿಷನ್ನಿನ ಖಾನೆ ಎಳೆದು, ಕಾಗದದ ಸುತ್ತು ಬಿಚ್ಚಿ, ಪುಟ್ಟ ಕತ್ತರಿಯನ್ನು ಅವನ ಅಂಗೈಯಲ್ಲಿಟ್ಟರು. ಹೊಸದು, ಒಂದೆಳೆ ದಾರವನ್ನೂ ಕತ್ತರಿಸಿರಲಿಲ್ಲ.

ಇನ್ನೊಂದು ಗುಂಡಿ ಬಾಕಿ ಇತ್ತು. ಹೊರಗೆ ಹೊತ್ತಾಯಿತೆಂದು ಕರೆಯುತ್ತಿದ್ದರು. ತಮ್ಮ ಅದನ್ನು ಹೊಲಿದು, ಗಂಟು ಬಿಗಿದು, ಬಾಯಿ ಮುಚ್ಚಿಕೊಂಡು ಕತ್ತರಿಯನ್ನು ದಾರಕ್ಕೆ ತಂದ.